ಎರಡನೇ ಟಕ್

ಕಿವಿಯಮ್ಮ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬಾಯಿಗೂ ಗದ್ದಕ್ಕೂ ಅಡ್ಡ ಬರುವ, ಮೇಲೆತ್ತಿದ್ದ ಗಟ್ಟಿ ಗಲ್ಲಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೆಳೆದಳು.

ಟಕ್, ಟಕ್.

ಎರಡು ಶಬ್ದಗಳ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತೂ ಇರಲಿಲ್ಲ. ಆದರೆ ಎರಡು ಇದ್ದದ್ದು ಮಾತ್ರ ಖಂಡಿತ.

"ಜೋಡಿ," ಅಂದಳು. ಹೆಲ್ಮೆಟ್ ತೆಗೆದು, ಒಳಗಿನ ಬಟ್ಟೆಗೆ ಹಸಿರು ಸೀಲು ಒತ್ತಿ, ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈ ಚಾಚಿದಳು.

ಎರಡು ಯಾಕೆ ಅಂತ ಕೇಳಿದೆ. ನನ್ನ ದನಿ ನನಗೇ ಬೇರೆಯವರದ್ದರಂತೆ ಕೇಳಿಸಿತು.

ಅವಳು ನಕ್ಕಳು. ಇಷ್ಟು ವರ್ಷ ಟ್ರಾಫಿಕ್ ಪೊಲೀಸ್ ಕೆಲಸ ಮಾಡಿದ ನನಗೆ ಇದು ಗೊತ್ತಿಲ್ಲವಲ್ಲ ಅಂತ ಅವಳಿಗೆ ತಮಾಷೆ. ಗಲ್ಲಪಟ್ಟಿಗೆ ಎಡಕ್ಕೊಂದು ಬಲಕ್ಕೊಂದು ಕೊಂಡಿ ಇರುತ್ತದಂತೆ. ಮುಚ್ಚಿದಾಗ ಒಂದೊಂದು ಕೊಂಡಿಯೂ ತನ್ನ ಕಡೆಯ ಪಿನ್ನನ್ನು ಕಚ್ಚಿ ಹಿಡಿಯಬೇಕು. ಎರಡೂ ಕಚ್ಚಿದರೆ ಜೋಡಿ, ಒಂದೇ ಕಚ್ಚಿದರೆ ಒಂಟಿ. ಈ ಕಾರ್ಖಾನೆಯಲ್ಲಿ ಬಾಗಿಲು ಕಾಯುವವನಿಗೂ ಈ ಎರಡು ಮಾತು ಗೊತ್ತು.

"ಒಂಟಿ ಆದ್ರೆ?"

"ನೋಡೋಕೆ ಮುಚ್ಚಿರೋ ಥರಾನೇ ಇರುತ್ತೆ. ಬಿದ್ದಾಗ ಬಾಯಿ ತೆರ್ಕೊಳ್ಳುತ್ತೆ," ಅಂದಳು. "ಅದಕ್ಕೇ ತಾನೇ ನಾನಿರೋದು."

ಹನ್ನೊಂದು ದಿನದಿಂದ ಒಂದೇ ಮಾತನ್ನು ಕೇಳುತ್ತಾ ಬಂದಿದ್ದೆ. ಸತ್ತುಹೋದ ಡ್ರೈವಿಂಗ್ ಮೇಷ್ಟ್ರ ಹೆಂಡತಿ ಪೊಲೀಸರಿಗೆ, ಡಾಕ್ಟರಿಗೆ, ನನಗೆ, ಗೋಡೆಗೆ, ಎಲ್ಲರಿಗೂ ಹೇಳಿದ್ದು ಅದನ್ನೇ: "ಒಂದು ಟಕ್ ಕೇಳಿಸ್ತು ಅಕ್ಕಾ." ನಾವು ಅದನ್ನು ಮಾತಿಗೆ ಹೇಳುವ 'ಒಂದು' ಅಂದುಕೊಂಡೆವು. ಒಂದು ದಿನ, ಒಂದು ಊರು, ಒಂದು ಟಕ್. ಪಾಪ, ಅವಳು ಎಣಿಸಿಯೇ ಹೇಳಿದ್ದಳು. ನಮ್ಮಲ್ಲಿ ಯಾರೂ ಎಣಿಸಿಕೊಳ್ಳಲಿಲ್ಲ.

ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು. ಸ್ಟೇಷನ್ನಿನಲ್ಲಿ ನನಗೆ 'ಉಡ' ಅಂತ ಹೆಸರಿಟ್ಟಿದ್ದರು, ಹಿಡಿದರೆ ಬಿಡುವುದಿಲ್ಲ ಅಂತ. ಹಿಡಿಯಬೇಕಾದ್ದನ್ನೇ ಬಿಟ್ಟು ಬೇರೆಯದಕ್ಕೆ ಜೋತುಬಿದ್ದಿದ್ದೆ. ಹೆಲ್ಮೆಟ್ ಮಾರಿದ ಅಂಗಡಿಯವನ ಹಿಂದೆ ನಾಲ್ಕು ದಿನ ಅಲೆದು, ಅವನು ಮಾರಿದ್ದು ಅಸಲಿ ಮಾಲೇ ಅಂತ ಖಾತ್ರಿಯಾದ ಮೇಲೆ ಈ ಕಾರ್ಖಾನೆಯ ಮೆಟ್ಟಿಲು ಹತ್ತಿದ್ದೆ.

ಮೇಷ್ಟ್ರು ನನಗೂ ಮೇಷ್ಟ್ರೇ. ನಲವತ್ತೆಂಟನೇ ವಯಸ್ಸಿನಲ್ಲಿ ಬೈಕ್ ಕಲಿಯುತ್ತೇನೆ ಅಂದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ನಗದೇ ಇದ್ದವರು ಅವರೊಬ್ಬರೇ. "ಗಲ್ಲ ಮುಚ್ಚು, ಆಮೇಲೆ ಗೇರು" ಅಂತ ದಿನಕ್ಕೆ ನೂರು ಸಲ ಹೇಳುತ್ತಿದ್ದರು. ಗೇರು ಹಾಕಿ ಆಮೇಲೆ ಗಲ್ಲ ಮುಚ್ಚಿದ ದಿನ ಎರಡು ಸುತ್ತು ಗಾಡಿ ತಳ್ಳಿಸಿದ್ದರು.

ಅಂಥವರ ಬಗ್ಗೆ ಪೊಲೀಸ್ ವರದಿಯಲ್ಲಿ ಬರೆದಿರುವುದು, ಗಲ್ಲಪಟ್ಟಿ ಮೇಲೆತ್ತಿಕೊಂಡು ಗಾಡಿ ಓಡಿಸುತ್ತಿದ್ದರು ಅಂತ.

ನಡೆದದ್ದು ಇಷ್ಟೇ. ಸಿಗ್ನಲ್ಲಿನಲ್ಲಿ ಬೈಕ್ ನಿಂತಿತ್ತು. ಹಿಂದೆ ಕೂತಿದ್ದ ಹೆಂಡತಿ, ಗ್ಯಾಸ್ ಆಫ್ ಮಾಡಿದ್ರಾ ಅಂತ ಕೇಳಿದಳು. ಅವರು ಗಲ್ಲಪಟ್ಟಿ ಎತ್ತಿ, "ಮಾಡಿದೀನಿ ಮಹಾರಾಯ್ತಿ, ಎರಡು ಸಲ ನೋಡಿದೀನಿ" ಅಂದರು. ದೀಪ ಹಸಿರಾಯಿತು. ಅವಳಿಗೆ ಒಂದು ಟಕ್ ಕೇಳಿಸಿತು, ಅದು ಗಲ್ಲ ಮುಚ್ಚಿದ್ದೋ ಗೇರಿನದೋ ತಿಳಿಯಲಿಲ್ಲ. ಮುಂದಿನ ತಿರುವಿನಲ್ಲಿ ರಸ್ತೆಯ ಮೇಲೆ ಎಣ್ಣೆ ಚೆಲ್ಲಿತ್ತು. ಗಾಡಿ ಜಾರಿತು. ವೇಗ ಸೈಕಲ್ಲಿನಷ್ಟೂ ಇರಲಿಲ್ಲ. ಅವಳಿಗೆ ಮೊಣಕೈ ತರಚಿತು. ಅವರು ಮುಖ ಕೆಳಗಾಗಿ ಫುಟ್‌ಪಾತಿನ ಕಟ್ಟೆಗೆ ಬಡಿದರು. ಗಲ್ಲಪಟ್ಟಿ ಮೇಲಕ್ಕೆ ಹಾರಿಹೋಗಿತ್ತು.

ಇವತ್ತು ಬೆಳಿಗ್ಗೆ ಅವಳ ಅಡುಗೆಮನೆಯಲ್ಲಿ ಕೂತಿದ್ದೆ. ಗ್ಯಾಸ್ ಒಲೆಯ ನಾಬನ್ನು ಅವಳು ಬಿಳಿ ಟೇಪು ಸುತ್ತಿ ಅಂಟಿಸಿಬಿಟ್ಟಿದ್ದಳು. ಹನ್ನೊಂದು ದಿನದಿಂದ ಆ ಮನೆಯಲ್ಲಿ ಒಲೆ ಹಚ್ಚಿಲ್ಲ. ಪಕ್ಕದ ಮನೆಯವರು ತಂದಿಟ್ಟ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

"ನಾನು ಕೇಳದೇ ಇದ್ದಿದ್ರೆ ಅವರು ತೆಗೀತಾನೇ ಇರ್ಲಿಲ್ಲ. ತೆಗೆದ ಮೇಲೆ ಮುಚ್ಚಿದ್ರಾ ಅಕ್ಕಾ? ಅಷ್ಟು ಮಾತ್ರ ಹೇಳಿ. ಮುಚ್ಚಿದ್ರಾ?"

ಮೇಜಿನ ಮೇಲೆ ಕಾರ್ಖಾನೆಯ ಯಜಮಾನ ಕಳಿಸಿದ ಕಾಗದ ಇತ್ತು. 'ನನ್ನ ಗಂಡ ಗಲ್ಲಪಟ್ಟಿ ಎತ್ತಿಕೊಂಡೇ ಹೋಗುತ್ತಿದ್ದರು, ಹೆಲ್ಮೆಟ್ಟಿನದು ಏನೂ ದೋಷವಿಲ್ಲ' ಅಂತ ಅವಳೇ ಹೇಳುವ ಹಾಗೆ ಬರೆದ ಕಾಗದ. ಸಂಜೆ ನಾಲ್ಕಕ್ಕೆ ವಕೀಲರ ಕಚೇರಿಯಲ್ಲಿ ಅವಳು ಅದಕ್ಕೆ ಸಹಿ ಹಾಕಬೇಕಿತ್ತು. ಹಾಕಿದರೆ ತನಿಖೆ ಅಲ್ಲಿಗೆ ಮುಗಿಯುತ್ತದೆ. ತಾನೇ ಗಂಡನನ್ನು ಕೊಂದೆ ಅಂತ ಅವಳು ಉಳಿದ ಆಯಸ್ಸು ಪೂರ್ತಿ ಒಲೆಯ ಮುಂದೆ ಕೂತಿರುತ್ತಾಳೆ. ಬಿಡುವು ಮಾಡಿಕೊಂಡು ಓದು ಅಂದೆ. ಓದೋದೇನಿದೆ ಅಕ್ಕಾ, ನಿಜ ತಾನೇ ಅಂದಳು.

ಮೇಷ್ಟ್ರ ಹೆಲ್ಮೆಟ್ಟನ್ನು ನಾನು ಅವಳಿಂದ ಬೇಡಿ ತಂದಿದ್ದೆ. ಈಗ ಅದು ನನ್ನ ಕಾಲ ಬುಡದಲ್ಲಿ ಬಟ್ಟೆಚೀಲದೊಳಗಿತ್ತು.

ಚೀಲದೊಳಗೆ ಕೈ ಹಾಕಿ ಪಿನ್ನುಗಳನ್ನು ತಡವಿದೆ. ಬೆಳಿಗ್ಗೆಯೂ ನೋಡಿದ್ದೆ, ಆದರೆ ಏನು ನೋಡಬೇಕು ಅಂತ ಆಗ ಗೊತ್ತಿರಲಿಲ್ಲ. ಬಲಗಡೆಯ ಪಿನ್ನಿನ ಕಪ್ಪು ಬಣ್ಣ ಸವೆದು ಕಬ್ಬಿಣ ಮಿನುಗುತ್ತಿತ್ತು. ಆರು ತಿಂಗಳು ದಿನಕ್ಕೆ ಹತ್ತು ಸಲ ಕೊಂಡಿ ಕಚ್ಚಿದ ಗುರುತು. ಎಡಗಡೆಯ ಪಿನ್ನಿನ ಬಣ್ಣ ಹೊಚ್ಚ ಹೊಸದು, ಒಂದು ಗೀರೂ ಇಲ್ಲ. ಆ ಕೊಂಡಿ ಒಂದು ದಿನವೂ ಪಿನ್ನನ್ನು ಮುಟ್ಟಿರಲಿಲ್ಲ.

ಇನ್ನೊಂದು ವಿಷಯ ಬೆಳಿಗ್ಗೆಯಿಂದ ತಲೆ ತಿನ್ನುತ್ತಿತ್ತು. ಒಳಗಿನ ಬಟ್ಟೆಯ ಮೇಲೆ ಹಸಿರು ಸೀಲು ಒಂದಲ್ಲ, ಎರಡು. ಮೊದಲನೆಯದು ಆರು ತಿಂಗಳ ಹಿಂದಿನ ತಾರೀಖಿನದು, ನೆಟ್ಟಗಿತ್ತು. ಎರಡನೆಯದು ಏಳು ವಾರದ ಹಿಂದಿನದು, ತಲೆಕೆಳಗಾಗಿತ್ತು.

ತಯಾರಾಗುವಾಗ ಎಡಕೊಂಡಿ ಕೆಟ್ಟಿದ್ದರೆ ಕಿವಿಯಮ್ಮನಿಗೆ ಒಂಟಿ ಕೇಳಿಸಬೇಕಿತ್ತು. ಕೇಳಿಸಿದ್ದರೆ ಸೀಲು ಬೀಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಮೇಜು, ಇದೇ ಕೆಲಸ, ಅದಕ್ಕೇ ಕಾರ್ಖಾನೆಗೆಲ್ಲ ಅವಳು ಕಿವಿಯಮ್ಮ. ಶಬ್ದಕ್ಕೆ ಅಡ್ಡಿಯಾಗಬಾರದು ಅಂತ ಈ ಕೋಣೆಗೆ ಫ್ಯಾನನ್ನೂ ಹಾಕಿಲ್ಲ. ಬರುವವರು ಚಪ್ಪಲಿ ಹೊರಗೇ ಬಿಡಬೇಕು. ಅವಳು ಕೈಗಡಿಯಾರವನ್ನೂ ಬಿಚ್ಚಿ ಡ್ರಾಯರಿನಲ್ಲಿ ಇಟ್ಟಿರುತ್ತಾಳೆ, ಟಿಕ್ ಟಿಕ್ ಅನ್ನುತ್ತದೆ ಅಂತ.

ಯಜಮಾನ ನನ್ನನ್ನು ಇಲ್ಲಿಗೆ ತಾನೇ ಕರೆತಂದು ಬಿಟ್ಟಿದ್ದ. ನಮ್ಮಲ್ಲಿ ಮುಚ್ಚುಮರೆ ಏನೂ ಇಲ್ಲ ಮೇಡಂ, ಕೂತು ನೋಡಿ ಅಂದಿದ್ದ. ಆಮೇಲೆ ಏನೋ ಕೆಲಸವಿದೆ ಅಂತ ಹೇಳಿ, ಚರ್ಮದ ಜಾಕೆಟ್ಟು ತೊಟ್ಟು, ತನ್ನ ಹೆಲ್ಮೆಟ್ಟಿನ ಜೊತೆಗೆ ಬಾಗಿಲ ಪಕ್ಕದ ರ್‍ಯಾಕಿನಿಂದ ಇನ್ನೊಂದನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೊರಟಿದ್ದ. ಅವನ ನಗು ನೋಡಿ ನನಗೆ ಮೈ ಉರಿದಿತ್ತು. ನಗುವನ್ನೇ ನೋಡುತ್ತಾ ಕೈಯ ಕಡೆ ಗಮನ ಕೊಡಲಿಲ್ಲ.

ನಾನು ಬಂದಾಗ ಕಿವಿಯಮ್ಮ ನನಗೆ ಅಂತ ಕುರ್ಚಿಯನ್ನು ಎಳೆದು ತನ್ನ ಬಲಗಡೆಗೆ ಹಾಕಿದ್ದಳು. ಎಡಗಡೆ ಜಾಗ ಬೇಕಾದಷ್ಟಿತ್ತು. ನಡುವೆ ಒಮ್ಮೆ ಎಡಗಡೆಯ ಬಾಗಿಲಿನಿಂದ ಪ್ಯಾಕಿಂಗಿನವಳು ಏನೋ ಕೇಳಿದಾಗ ಇವಳು ತಿರುಗಿಯೂ ನೋಡಿರಲಿಲ್ಲ. ಕೆಲಸದಲ್ಲಿ ಮುಳುಗಿದ್ದಾಳೆ ಅಂದುಕೊಂಡಿದ್ದೆ.

ನಾನು ಎದ್ದು, ಕಾಲು ಜೋಮು ಹಿಡಿಯಿತು ಅಂತ ಗೊಣಗುತ್ತಾ ಅವಳ ಎಡಗಡೆಗೆ ಹೋದೆ. ಅವಳ ಬೆನ್ನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, ನಿಮ್ಮ ಸೀರೆಯ ಮೇಲೆ ಹಲ್ಲಿ ಬಿದ್ದಿದೆ ಅಂದೆ.

ಅವಳು ಸೀಲಿಗೆ ಮಸಿ ಹಚ್ಚುತ್ತಲೇ ಇದ್ದಳು.

ದೇವರೇ, ಇದು ನಿಜವಾಗದಿರಲಿ ಅಂದುಕೊಂಡೆ. ಆದರೆ ಕೈ ಆಗಲೇ ಕೆಲಸ ಶುರು ಮಾಡಿತ್ತು. ರಟ್ಟಿನ ಪೆಟ್ಟಿಗೆಯ ಅಂಚಿನಿಂದ ಉಗುರಿನಷ್ಟು ಚೂರು ಹರಿದು, ಸಾಲಿನಲ್ಲಿ ಮುಂದಿದ್ದ ಹೆಲ್ಮೆಟ್ಟಿನ ಎಡಕೊಂಡಿಯೊಳಗೆ ತುರುಕಿದೆ. ಕೊಂಡಿ ಈಗ ಅಲುಗುತ್ತಿರಲಿಲ್ಲ. ಅದನ್ನು ಅವಳ ಕೈಗೆ ಕೊಟ್ಟೆ.

ಹೆಲ್ಮೆಟ್ ತಲೆಗೇರಿತು. ಕಣ್ಣು ಮುಚ್ಚಿತು. ಗಲ್ಲಪಟ್ಟಿ ಕೆಳಗಿಳಿಯಿತು.

ಟಕ್.

ಮನಸ್ಸಿನಲ್ಲೇ ಬೇಡಿಕೊಂಡೆ: ಒಂಟಿ ಅನ್ನು ತಾಯಿ, ಒಂಟಿ ಅನ್ನು.

"ಜೋಡಿ," ಅಂದಳು ಕಿವಿಯಮ್ಮ. ಸೀಲು ಎತ್ತಿದಳು.

ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ಕೊಂಡಿಯೊಳಗಿನ ರಟ್ಟಿನ ಚೂರನ್ನು ಎಳೆದು ಮೇಜಿನ ಮೇಲೆ ಇಟ್ಟೆ. ಅವಳು ಅದನ್ನು ನೋಡಿದಳು, ಹೆಲ್ಮೆಟ್ಟನ್ನು ನೋಡಿದಳು. ಸೀಲನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

ಬಲಗಡೆಗೆ ಬಂದು ಕೇಳಿದೆ. "ಯಾವಾಗಿಂದ?"

ಅವಳು ಒಂದೊಂದಾಗಿ ಹೇಳಿದಳು. ಎಂಟು ತಿಂಗಳ ಹಿಂದೆ ಜ್ವರ ಬಂದಿತ್ತು. ಹದಿನೈದು ದಿನ ಮಲಗಿದ್ದಳು. ಎದ್ದ ಮೇಲೆ ಎಡಕಿವಿಯಲ್ಲಿ ಸ್ವಲ್ಪ ಗುಂಯ್‌ಗುಟ್ಟುತ್ತಿತ್ತು, ಹೋಗುತ್ತೆ ಅಂದುಕೊಂಡಳು. ಅದು ಪೂರ್ತಿ ಸತ್ತುಹೋಗಿದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಏಳು ವಾರದ ಹಿಂದೆ ಒಂದು ದಿನ ಬಲಗೈಗೆ ಪೆಟ್ಟಾಗಿ, ಫೋನನ್ನು ಎಡಗೈಯಲ್ಲಿ ಹಿಡಿದು ಎಡಕಿವಿಗೆ ಇಟ್ಟುಕೊಂಡಳು. ಮಗಳು ಮಾತಾಡುತ್ತಲೇ ಇಲ್ಲ ಅಂದುಕೊಂಡು ಮಗಳನ್ನೇ ಬೈದಳಂತೆ.

"ಹಾಗಾದ್ರೆ ಜೋಡಿ ಅಂತ ಹೇಗಮ್ಮಾ ಹೇಳ್ತಿದ್ದೆ? ಅದಕ್ಕೂ ಮುಂಚೆ ಆರು ತಿಂಗಳು?"

"ಕೇಳಿಸ್ತಿತ್ತು," ಅಂದಳು. "ಸುಳ್ಳಲ್ಲ, ನಿಜವಾಗ್ಲೂ ಕೇಳಿಸ್ತಿತ್ತು. ಬಲಗಡೆ ಟಕ್ ಅಂದ್ರೆ ಸಾಕು, ಎಡಗಡೇದನ್ನ ನನ್ನ ತಲೇನೇ ಹೇಳಿಬಿಡ್ತಿತ್ತು. ಇಪ್ಪತ್ತೆರಡು ವರ್ಷ ಅದನ್ನೇ ಕೇಳಿದೀನಲ್ಲ. ಈಗಲೂ ಕೇಳಿಸ್ತು. ನೀವು ರಟ್ಟು ಇಟ್ಟಿದ್ರಲ್ಲ, ಅದರಲ್ಲೂ ಕೇಳಿಸ್ತು."

ನಾನು ಕುರ್ಚಿಯಲ್ಲಿ ಕೂತೆ. ಮೋಸಗಾರರನ್ನು ನೋಡಿದ್ದೇನೆ, ಕುಡುಕರನ್ನು ನೋಡಿದ್ದೇನೆ, ಲೈಸೆನ್ಸಿಲ್ಲದೆ ಬಸ್ ಓಡಿಸಿದವನನ್ನೂ ಹಿಡಿದಿದ್ದೇನೆ. ಇಲ್ಲದ ಶಬ್ದವನ್ನು ಪ್ರಾಮಾಣಿಕವಾಗಿ ಕೇಳಿಸಿಕೊಂಡವಳನ್ನು ಏನು ಮಾಡಬೇಕು ಅಂತ ಯಾವ ಟ್ರೇನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಎಂಟು ತಿಂಗಳಲ್ಲಿ ಈ ಮೇಜು ದಾಟಿ ಹೋದದ್ದು ಎಷ್ಟು ಅಂತ ಕೇಳಿದೆ. ಒಂಬತ್ತು ಸಾವಿರದ ಮೇಲೆ ಅಂದಳು. ಅವುಗಳಲ್ಲಿ ಒಂಟಿ ಎಷ್ಟಿದ್ದಾವೋ ಯಾರಿಗೂ ಗೊತ್ತಿಲ್ಲ. ಆ ಹೊತ್ತಿಗೆ ಕಿಟಕಿಯ ಹೊರಗೆ ರಸ್ತೆಯಲ್ಲಿ ನಾಲ್ಕೈದು ಬೈಕುಗಳು ಸಾಲಾಗಿ ಹೋದವು. ಅವರ ತಲೆ ನೋಡಲು ನನಗೆ ಧೈರ್ಯ ಬರಲಿಲ್ಲ.

ಆದರೆ ಕರುಣೆಯ ಜೊತೆಗೇ ಸಿಟ್ಟೂ ನೆತ್ತಿಗೇರಿತು. ಗೊತ್ತಾದ ಮೇಲೂ ಏಳು ವಾರ ಸೀಲು ಒತ್ತಿದ್ದಾಳಲ್ಲ. ಚೀಲದಿಂದ ಮೇಷ್ಟ್ರ ಹೆಲ್ಮೆಟ್ ತೆಗೆದು ಅವಳ ಮುಂದೆ ಇಟ್ಟೆ. ಇದನ್ನು ಹಾಕಿಕೊಳ್ಳುತ್ತಿದ್ದವರು ಈಗ ಇಲ್ಲ ಅಂದೆ. ಆರು ತಿಂಗಳ ಹಿಂದಿನದನ್ನು ಬೇಕಾದರೆ ಕ್ಷಮಿಸಬಹುದು, ಎರಡನೇ ಸೀಲನ್ನು ಯಾವ ಬಾಯಲ್ಲಿ ಕ್ಷಮಿಸಲಿ ಅಂತ ಕೇಳಿದೆ.

ಕಿವಿಯಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮತ್ತೊಮ್ಮೆ ನೋಡಿದಳು.

"ಇದು ನಾನು ಒತ್ತಿದ್ದಲ್ಲ."

"ಸೀಲು ನಿನ್ನದೇ ತಾನೇ?"

"ಸೀಲು ನಂದೇ. ಕೈ ನಂದಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದನ್ನಾದ್ರೂ ನಾನು ತಲೆಕೆಳಗೆ ಒತ್ತಿಲ್ಲ." ಡ್ರಾಯರ್ ಎಳೆದು, ಕೈಗಡಿಯಾರದ ಕೆಳಗಿದ್ದ ಚೀಟಿಯನ್ನು ನನ್ನ ಕೈಗಿಟ್ಟಳು. ಆಸ್ಪತ್ರೆಯ ಕಿವಿ ವಿಭಾಗದ ಚೀಟಿ. ಎರಡನೇ ಸೀಲಿನ ತಾರೀಖೇ ಅದರ ಮೇಲೂ ಇತ್ತು. "ಆವತ್ತು ನಾನು ರಜೆ. ಹಿಂದಿನ ದಿನವೇ ಯಜಮಾನ್ರಿಗೆ ಎಲ್ಲಾ ಹೇಳಿದ್ದೆ. ಅತ್ತುಕೊಂಡು ಹೇಳಿದ್ದೆ."

ಯಜಮಾನ ಏನಂದ ಅಂತ ಕೇಳಿದೆ. ಯಾರಿಗೂ ಬಾಯಿ ಬಿಡಬೇಡ, ನಾಳೆ ಹೋಗಿ ತೋರಿಸಿಕೊಂಡು ಬಾ, ನಾಡಿದ್ದಿನಿಂದ ಯಥಾಪ್ರಕಾರ ಕೂತುಕೋ ಅಂದನಂತೆ. ಒಂದನ್ನು ವಾಪಸ್ ತೆಗೆದುಕೊಂಡರೆ ಎಲ್ಲವನ್ನೂ ತೆಗೆದುಕೊಳ್ಳಬೇಕಾಗುತ್ತದೆ ಅಂದನಂತೆ. ಇವಳು ಬಂದು ಕೂತಳು. ಈ ಮೇಜು ಬಿಟ್ಟರೆ ತನಗೆ ಬೇರೆ ಹೆಸರೇ ಇಲ್ಲ ಅಂದಳು. ಅದು ನಿಜ. ಅವಳ ನಿಜವಾದ ಹೆಸರು ನನಗೂ ಗೊತ್ತಿರಲಿಲ್ಲ.

"ಆವತ್ತು ಈ ಕುರ್ಚೀಲಿ ಯಾರಿದ್ರು?"

ಅವಳು ಕಪಾಟಿನಿಂದ ದೂರಿನ ಪುಸ್ತಕ ತೆಗೆದು, ಆ ತಾರೀಖಿನ ಹಾಳೆಯನ್ನು ಬಿಡಿಸಿಟ್ಟಳು. ಒಂದೇ ಸಾಲು ಇತ್ತು. ಡ್ರೈವಿಂಗ್ ಮೇಷ್ಟ್ರು, ಮುಚ್ಚಿದಾಗ ಶಬ್ದ ಒಂದೇ ಬರುತ್ತದೆ ಎಂಬ ದೂರು, ಪರೀಕ್ಷಿಸಲಾಯಿತು, ಸರಿಯಾಗಿದೆ. ಕೆಳಗೆ ಯಜಮಾನನ ಸಹಿ.

ಅಯ್ಯೋ, ಮೇಷ್ಟ್ರು ಬಂದಿದ್ದರು. ತಮ್ಮ ಕಿವಿಯಿಂದಲೇ ಕಂಡುಹಿಡಿದು, ಇದೇ ಮೇಜಿನ ಮುಂದೆ ನಿಂತು, ಸರಿಮಾಡಿಕೊಡಿ ಅಂತ ಕೇಳಿದ್ದರು. ಎಷ್ಟು ವಿನಯದಿಂದ ಕೇಳಿರುತ್ತಾರೆ ಅಂತ ನನಗೆ ಗೊತ್ತು.

"ಯಜಮಾನ್ರ ಎರಡು ಕಿವೀನೂ ಚೆನ್ನಾಗಿದೆ," ಅಂದಳು ಕಿವಿಯಮ್ಮ.

ಫೋನಿನಲ್ಲಿ ಹೊತ್ತು ನೋಡಿದೆ. ಮೂರೂ ಇಪ್ಪತ್ತು. ಸಹಿಗೆ ಇನ್ನೂ ನಲವತ್ತು ನಿಮಿಷವಿತ್ತು. ಮೇಷ್ಟ್ರ ಹೆಂಡತಿಗೆ ಫೋನ್ ಹಚ್ಚಿ, ಕಿವಿಯಮ್ಮನೂ ಕೇಳಿಸಿಕೊಳ್ಳಲಿ ಅಂತ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಇವಳು ಅವಳ ದನಿಯನ್ನು ಒಮ್ಮೆಯಾದರೂ ಕೇಳಬೇಕು ಅನ್ನುವ ಹಟ ನನಗೆ.

ಮೊದಲ ರಿಂಗಿಗೇ ಎತ್ತಿದಳು. ಹಿಂದೆ ಬೀದಿಯ ಸದ್ದಿತ್ತು.

ನಾನು ಮೊದಲು ಹೇಳಬೇಕಾದದ್ದು ಸಹಿ ಹಾಕಬೇಡ ಅಂತ. ಆದರೆ ಹನ್ನೊಂದು ದಿನದಿಂದ ನನ್ನ ಎದೆಯಲ್ಲಿ ಕೂತಿದ್ದ ಮಾತು ಅದಲ್ಲ. "ಮುಚ್ಚಿದ್ರು ಕಣಮ್ಮಾ," ಅಂದೆ. "ನಿಮ್ಮವರು ಮುಚ್ಚಿದ್ರು. ನೀನು ಕೇಳಿದ್ದು ಸರಿ. ಒಂದೇ ಟಕ್. ನಿನ್ನದು ಏನೂ ತಪ್ಪಿಲ್ಲ."

ಆ ಕಡೆಯಿಂದ ಅಳು ಬಂತು. ಹನ್ನೊಂದು ದಿನ ಒಣಗಣ್ಣಿನಲ್ಲಿ ಕೂತವಳ ಅಳು, ಅಣೆಕಟ್ಟೆಯ ಬಾಗಿಲು ತೆಗೆದ ಹಾಗೆ. ಕಿವಿಯಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಕಣ್ಣೂ ಒದ್ದೆಯಾಯಿತು, ಯಾಕೆ ಮುಚ್ಚಿಡಲಿ.

"ಅಷ್ಟು ಸಾಕು ಅಕ್ಕಾ," ಅಂದಳು. "ಇನ್ನು ಯಾವ ಕಾಗದ ಆದ್ರೇನು. ಸಹಿ ಹಾಕಿ ಬಂದು ಒಲೆ ಹಚ್ತೀನಿ."

ಸಹಿ ಹಾಕಬೇಡ, ಮನೆಯಲ್ಲೇ ಇರು, ನಾನು ಬರುತ್ತೇನೆ ಅಂದೆ. ಅವಳಿಗೆ ಅರ್ಧ ಕೇಳಿಸಿತೋ ಇಲ್ಲವೋ, ಮೂಗು ಸೇದುತ್ತಾ ಹೇಳಿದಳು, ಮನೆಯಲ್ಲಿಲ್ಲ, ಬಾಗಿಲ ಹೊರಗೇ ನಿಂತಿದ್ದೇನೆ ಅಂತ. ಕಾರ್ಖಾನೆಯ ಯಜಮಾನರೇ ಬೈಕಿನಲ್ಲಿ ಕರೆದೊಯ್ಯಲು ಬಂದಿದ್ದಾರೆ. ಒಳ್ಳೆಯ ಮನುಷ್ಯರು. ತನಗೇ ಅಂತ ಹೆಲ್ಮೆಟ್ಟನ್ನೂ ತಂದಿದ್ದಾರೆ. ಆಗಲೇ ಹಾಕಿಕೊಂಡಿದ್ದೇನೆ, ಗಲ್ಲ ಎತ್ತಿಕೊಂಡೇ ಮಾತಾಡುತ್ತಿದ್ದೇನೆ, ಇದರಲ್ಲಿ ಫೋನ್ ಮಾಡುವುದು ಎಷ್ಟು ಸುಲಭ ಅಲ್ಲವಾ ಅಕ್ಕಾ ಅಂದಳು.

ನಾನು ಬಾಗಿಲ ಪಕ್ಕದ ರ್‍ಯಾಕಿನ ಕಡೆ ತಿರುಗಿದೆ. ಸಾಲಿನ ನಡುವೆ ಒಂದು ಜಾಗ ಖಾಲಿ ಇತ್ತು.

"ಅದು ಯಾವ ರ್‍ಯಾಕು?"

"ದೂರು ಬಂದು, ಪರೀಕ್ಷೆಗೆ ಅಂತ ಬಿಟ್ಟುಹೋಗಿರೋವು," ಅಂದಳು ಕಿವಿಯಮ್ಮ.

ನಾನು ಫೋನಿನ ಮೇಲೆ ಬಗ್ಗಿ, ಬೈಕ್ ಹತ್ತಬೇಡ, ಹತ್ತಿದ್ದರೆ ಇಳಿ, ಹೆಲ್ಮೆಟ್ ತೆಗಿ ಅಂತ ಕೂಗಿದೆ. ಆ ಕಡೆ ಗಂಡಸೊಬ್ಬ ಮೆಲ್ಲಗೆ ಏನೋ ಹೇಳಿದ. ಹೊತ್ತಾಯ್ತು ಅಂದಿರಬೇಕು. ಹೂಂ ಬಂದೆ ಅಂದಳು ಅವಳು. ಅಕ್ಕಾ, ಅವರು ಹೇಳ್ತಿದ್ದ ಹಾಗೇ, ಗಲ್ಲ ಮುಚ್ಚಿ ಆಮೇಲೆ ಗೇರು ಅಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಫೋನು ಅವಳ ಕೆನ್ನೆಗೂ ಹೆಲ್ಮೆಟ್ಟಿನ ಮೆತ್ತೆಗೂ ನಡುವೆ ಸಿಕ್ಕಿಕೊಂಡ ಸದ್ದು ಬಂತು.

ಕಿವಿಯಮ್ಮ ಕಣ್ಣು ಮುಚ್ಚಿ, ತಲೆ ವಾಲಿಸಿ, ಬಲಗಿವಿಯನ್ನು ಫೋನಿಗೆ ಆನಿಸಿದಳು.

ಟಕ್.

ನಾನು ಕಾದೆ. ಆ ಕಡೆ ಎಂಜಿನ್ ಶುರುವಾಯಿತು.

ಕಿವಿಯಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಎಂಟು ತಿಂಗಳಲ್ಲಿ ಮೊದಲ ಸಲ, ಅವಳು ಆ ಮಾತು ಹೇಳಿದಳು.

"ಒಂಟಿ."